ನಾಗಿಯ ಹೆಸರಿನ ಮುಂದೆ ಬರೆದದ್ದು

ಗೆಳೆಯರೇ, ಜನರನ್ನು ಸಂತಾನಹರಣದ ಆಪರೇಷನ್ ಕ್ಯಾಂಪಿಗೆ ಹಿಡಿದೊಯ್ಯುವುದು ಅನ್ಯಾಯ. ಆ ಭಯ ಇಂದು ಬೆಳಕೆ ಊರಿನಲ್ಲಿ ನಾನು ಕಲಿಸುವ ಬಾಲವಾಡಿಯನ್ನೂ ಖಾಲಿ ಮಾಡಿತು.

ಯಾವ ಮಗುವಿಗೆ ಯಾವ ಪಾಠ ಹಿಡಿಸುತ್ತದೆಂದು ತಿಳಿಯಲು ನಿನ್ನೆ ಮನೆಮನೆ ಸುತ್ತಿ ಪುಸ್ತಕದಲ್ಲಿ ಮಕ್ಕಳ ಪಟ್ಟಿ ಬರೆದಿದ್ದೆ. ಇಂದು ಒಂದು ಮಗುವೂ ಬರಲಿಲ್ಲ. ಕೇಳಲು ಹೋದರೆ ಮೀನು ಮಾರುವ ದೇವಮ್ಮ ಮಗಳು ನಾಗಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

"ಎಂತಕ್ಕೆ ಹೆಸ್ರು ಬರ್ಕಂಡ್ರಿ ಅಕ್ಕೋರೆ? ಮಕ್ಕಳನ್ನೂ ಕ್ಯಾಂಪಿಗೆ ಹಿಡ್ಕಂಡ್ ಹೋಗೂಕಾ?"

ಕ್ಯಾಂಪಿನವರು ನಿಜಕ್ಕೂ ಈ ಪುಸ್ತಕ ಕೇಳಿದರೆ? ಆದರೂ ದೇವಮ್ಮನ ಎದುರೇ ಅದನ್ನು ತೆರೆದು ಓದಿದೆ: "ನಾಗಿ. ಮಾತು ಕಡಿಮೆ. ಚಿಪ್ಪು ಜೋಡಿಸುವುದು ಇಷ್ಟ. ಎಣಿಕೆಯನ್ನು ಚಿಪ್ಪಿನಿಂದಲೇ ಕಲಿಸಬೇಕು."

"ಇಷ್ಟೇಯಾ? ಹಾಂಗಾರೆ ಎಲ್ಲರ ಎದ್ರಿಗೆ ಓದಿ. ಆಮೇಲೆ ಕಳಸ್ತೆ" ಎಂದಳು ದೇವಮ್ಮ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಾಲವಾಡಿಯ ಜಗಲಿಗೆ ಬನ್ನಿ. ಒಬ್ಬಳೇ ನಿಂತು ಓದಲು ಅಕ್ಕೋರಿಗೂ ಹೆದರಿಕೆ.