ಹೆಗಲ ಮೇಲಿನ ಹಳದಿ ಬೆಳಕು

ಅವತ್ತು ಅಮಾವಾಸ್ಯೆ. ಬೆಳಿಗ್ಗೆ ಕುರಿದೊಡ್ಡಿ ಗುಡಿಸಿದೆ, ರೊಟ್ಟಿ ಬಡಿದೆ. ನನ್ನ ಗಂಡ ಹುಲ್ಲಪ್ಪ ಬುತ್ತಿ ಕಟ್ಟಿಕೊಂಡು ಕುರಿ ಹೊಡೆದುಕೊಂಡು ಹೋದರು. ಬೇರೇನೂ ಆಗಲಿಲ್ಲ.

ಅವರದು ಮಾತು ಕಡಿಮೆ. ಮರೋಳದ ಸುತ್ತ ಮೂವತ್ತು ವರ್ಷ ಕುರಿ ಕಾಯ್ದವರು. ಎಣಿಕೆ ಬರುತ್ತಿರಲಿಲ್ಲ, ಆದರೆ ಒಂದು ಮರಿ ಹಿಂದುಳಿದರೂ ತಿಳಿಯುತ್ತಿತ್ತು. ಧೂಳೆದ್ದರೆ ಕೆಮ್ಮುತ್ತಿದ್ದರು. ಫೋಟೋ ಎಂದರೆ ಮುಖ ತಿರುಗಿಸುತ್ತಿದ್ದರು.

ಸಂಜೆ ಕುರಿ ದೊಡ್ಡಿಗೆ ಬಂದವು. ಅತ್ತೆ ರಾಮವ್ವ ಮನೆದೇವರು ಬೀರಪ್ಪನ ಹೆಸರು ಹೇಳಿ ಭಂಡಾರದ ಅರಿಸಿನ ಪುಡಿ ಹಾರಿಸಿದರು. ಪ್ರತಿ ಅಮಾವಾಸ್ಯೆಗೂ ಹಾರಿಸುತ್ತಾರೆ. ನವನಗರದ ಕಾಲೇಜಿನಿಂದ ಬಂದಿದ್ದ ಮಗಳು ರಾಧಿಕಾ ಅಪ್ಪನ ಕಡೆ ಮೊಬೈಲ್ ಎತ್ತಿದಳು. ಮಬ್ಬುಗತ್ತಲೆ, ಫ್ಲ್ಯಾಶ್ ಹೊಡೆಯಿತು.

“ಕಣ್ಣ ಹೋದ್ವು ನನ್ನವು. ಕುರೀದ ತಗಿಯವಾ, ನನಗಿಂತ ಛಂದ ಅದಾವ,” ಎಂದರು ನನ್ನ ಗಂಡ.

ಫೋಟೋದಲ್ಲಿ ಅವರ ಹೆಗಲ ಮೇಲೆ ರೊಟ್ಟಿಯಂಥ ದುಂಡನೆಯ ಹಳದಿ ಬೆಳಕು. ನೋಡಿದೆ. ಏನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಕೂತರು. “ಕಾಲ ಭಾರ ಆಗ್ಯಾವ. ಇವತ್ತ ಮನ್ಯಾಗ ಇರ್ಲೇನು?”

“ಕುರಿ ಉಪಾಸ ಕೆಡವ್ತೀರೇನು? ಹೋಗ್ರಿ,” ಎಂದೆ.

ಹೋದರು. ಡಾಂಬರು ರಸ್ತೆ ದಾಟುವಾಗ ಲಾರಿ ಬಡಿಯಿತು. ಕುರಿಗಳೆಲ್ಲ ಆಚೆ ದಾಟಿದ್ದವು.

ಮಣ್ಣು ಮಾಡಿ ಬಂದ ಮೇಲೆ ಅತ್ತೆ ಆ ಫೋಟೋ ನೋಡಿದರು. “ಕರ್ಯಾಕ ಬಂದಾನ ಬೀರಪ್ಪ. ಹೆಗಲ ಮ್ಯಾಲೆ ಕುಂತಾನ ನೋಡ. ಮೊದಲ ಹೇಳ್ಯಾನ.” ಮಾತಾಡಿಸಲು ಬಂದವರೂ ಹೌದೆಂದರು.

ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ದೇವರು ಹೇಳಿದ್ದು ಖರೆಯಾದರೆ, ಕಂಡೂ ಕಳಿಸಿದವಳು ನಾನು. ಮೂರು ತಿಂಗಳು ಒಲೆಯಿಂದ ದೊಡ್ಡಿಗೆ, ದೊಡ್ಡಿಯಿಂದ ಒಲೆಗೆ ಅಡ್ಡಾಡಿದೆ. ಒಂದು ದಿನ ರಾಧಿಕಾಳಿಂದ ಫೋಟೋ ನನ್ನ ಮೊಬೈಲಿಗೆ ಹಾಕಿಸಿಕೊಂಡು ಹುನಗುಂದದ ಬಸ್ ಹತ್ತಿದೆ.

ಅಲ್ಲಿನ ಫೋಟೋ ಸ್ಟುಡಿಯೋದ ಬಾಬುಸಾಬ ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿದ.

“ದೆವ್ವನೂ ಅಲ್ಲ, ದೇವರೂ ಅಲ್ಲ ಅಕ್ಕಾರ. ಧೂಳ ಇದು. ಕ್ಯಾಮೆರಾದ ಮುಂದ ಒಂದ ಕಣ ಬಂದ್ರ ಸಾಕು, ಲೈಟ್ ಬಡದು ಹಿಂಗ ದುಂಡಗ ಕಾಣತೈತಿ. ಆದ್ರ ಹಳದಿ ಐತೆಲ್ಲ, ಏನರ ಹಾರಿಸಿದ್ರೇನು?”

“ಭಂಡಾರ.”

ನನ್ನ ಸೆರಗಿನ ಗಂಟಿನಲ್ಲೂ ಒಂದಿಷ್ಟು ಇತ್ತು. ದೀಪ ಆರಿಸಿ, ಹಾರಿಸಲು ಹೇಳಿದ. ಫ್ಲ್ಯಾಶ್ ಹಾಕಿ ನನ್ನ ಫೋಟೋ ತೆಗೆದ. ನನ್ನ ತಲೆಯ ಸುತ್ತ ಹತ್ತಾರು ಬೆಳಕು.

“ನನ್ನೂ ಕರ್ಯಾಕ ಬಂದಾರೇನು?”

“ಹಂಗಾದ್ರ ನನ್ನ ಅಂಗಡಿಗೆ ಯಾರ ಬರ್ತಾರ್ರಿ?” ಎಂದು ನಕ್ಕ. ನನಗೂ ನಗು ಬಂತು. ಎಷ್ಟೋ ದಿನದ ಮೇಲೆ.

ಮನೆಗೆ ಬಂದು ಹೇಳಿದೆ. “ಅತ್ತಿ, ಅದು ನೀವು ಹಾರಿಸಿದ ಭಂಡಾರ ಐತ್ರಿ.”

“ಭಂಡಾರ ಯಾರದು?”

“ಬೀರಪ್ಪಂದು.”

“ಮತ್ತ ನಾ ಏನ ಅಂದೆ?”

ಅವರಿಗೆ ಅದು ಮಗನ ಹತ್ತಿರ ನಿಂತ ದೇವರು. ನನಗೆ ಪುಡಿ. ಬೆಳಕು ಕಂಡೂ ಸುಮ್ಮನಿದ್ದೆ ಎಂಬ ಸಂಕಟ ಇಳಿಯಿತು. “ಹೋಗ್ರಿ” ಎಂದದ್ದು ಇಳಿಯಲಿಲ್ಲ. ಕಾಲು ಭಾರ ಎಂದು ಅವರು ಬಾಯಿ ಬಿಟ್ಟೇ ಹೇಳಿದ್ದರು.

ಈಗ ಕುರಿ ನಾನೇ ಹೊಡೆದುಕೊಂಡು ಹೋಗುತ್ತೇನೆ. ಅದಕ್ಕೂ ಮೊದಲು ದೊಡ್ಡಿ ಗುಡಿಸುತ್ತೇನೆ. ಒಂದು ಕೊಡ ನೀರು ಚಿಮುಕಿಸಿ, ನೆಲ ನೆನೆದ ಮೇಲೆ ಕಸಬರಿಗೆ ಹಿಡಿಯುತ್ತೇನೆ. ಧೂಳೆದ್ದರೆ ಅವರಿಗೆ ಕೆಮ್ಮು.