ಬಂಬ ಹಚ್ಚುವವಳ ಜಳಕ

ಚಿತ್ತಾಪುರದ ಹನುಮಂತದೇವರ ಗುಡಿಯ ಹಿಂದಿನ ಓಣಿಯಲ್ಲಿರುವ ಸುಮಿತ್ರಾಬಾಯಿಗೆ ಒಂದೇ ಒಂದು ಆಸೆ ಉಳಿದಿತ್ತು. ಕೇಳಿದರೆ ನೀವು ನಗುತ್ತೀರಿ. ಧನುರ್ಮಾಸದ ಒಂದು ಬೆಳಗಿನ ಜಾವ, ಮೈ ಕೆಂಪಗಾಗುವಷ್ಟು ಸುಡುನೀರಿನಲ್ಲಿ, ಯಾರೂ ಬಚ್ಚಲ ಬಾಗಿಲು ಬಡಿಯದಂತೆ, ಸಾವಕಾಶವಾಗಿ ಜಳಕ ಮಾಡಬೇಕು. ಅಷ್ಟೇ. ಕಾಶಿಗೆ ಹೋಗಿ ಬಂದಾಗಿತ್ತು, ತಿರುಪತಿ ಆಗಿತ್ತು, ಮಗನ ಮದುವೆಯೂ ಆಗಿತ್ತು. ಇದೊಂದು ಮಾತ್ರ ಆಗಿರಲಿಲ್ಲ.

ಯಾಕೆ ಆಗಿರಲಿಲ್ಲ ಎಂದರೆ ಆ ಮನೆಯ ಬಂಬ ಹಚ್ಚುವವರು ಅವರೇ ಆಗಿದ್ದರು. ತಾಮ್ರದ ಬಂಬ, ನಡುವಿನ ಕೊಳವೆಯಲ್ಲಿ ಬೆಂಕಿ, ಸುತ್ತ ನೀರು. ಸೇಡಂನಿಂದ ಸೊಸೆಯಾಗಿ ಬಂದ ಮೊದಲ ವರ್ಷವೇ ಅದರ ಉಸ್ತುವಾರಿ ಅವರ ತಲೆಗೆ ಬಿದ್ದಿತ್ತು. ಧನುರ್ಮಾಸದಲ್ಲಿ ಸೂರ್ಯ ಹುಟ್ಟುವ ಮೊದಲೇ ದೇವರಿಗೆ ಹುಗ್ಗಿಯ ನೈವೇದ್ಯ ಆಗಬೇಕು. ಹುಗ್ಗಿ ಮಾಡುವವರು ಮಡಿಯಲ್ಲಿರಬೇಕು. ಬಂಬದ ನೀರು ಕಾಯುವ ತನಕ ಕಾಯುತ್ತ ಕೂತರೆ ಹುಗ್ಗಿಗೆ ಹೊತ್ತಾಗುತ್ತದೆ. ಹಾಗಾಗಿ ಸುಮಿತ್ರಾಬಾಯಿ ಕತ್ತಲಲ್ಲೇ ಎದ್ದು ಬಂಬಕ್ಕೆ ಬೆಂಕಿ ಹಚ್ಚುವುದು, ತಾವು ಎರಡು ಬಿಂದಿಗೆ ತಣ್ಣೀರು ಸುರಿದುಕೊಂಡು, ಹಲ್ಲು ಕಟಕಟ ಎನ್ನುತ್ತ ಅಡುಗೆಮನೆ ಸೇರುವುದು. ಅವರು ಬೇಳೆ ಹುರಿಯುವ ಹೊತ್ತಿಗೆ ಬಂಬದ ನೀರು ಕುದಿ ಬಂದಿರುತ್ತಿತ್ತು. ಆಗ ಮಾವನವರು, ಮೈದುನರು, ಗಂಡ, ಮಗ ಒಬ್ಬೊಬ್ಬರಾಗಿ ಎದ್ದು ಬಂದು, ಹಬೆಯಾಡುವ ನೀರಿನಲ್ಲಿ ಸ್ತೋತ್ರ ಹೇಳುತ್ತ ಜಳಕ ಮಾಡುತ್ತಿದ್ದರು. ಬಿಸಿನೀರು ಬಿದ್ದ ಮೇಲೆ ಗಂಡಸರ ಭಕ್ತಿಗೆ ಒಂದು ವಿಶೇಷ ಕಳೆ ಬರುತ್ತದೆ.

ಆ ತಣ್ಣೀರಿನ ಜಳಕಕ್ಕೂ ನೆಮ್ಮದಿ ಇರಲಿಲ್ಲ. ಮೈಮೇಲೆ ಒಂದು ತಂಬಿಗೆ ಬೀಳುವುದರೊಳಗೆ ಬಾಗಿಲ ಮೇಲೆ ಟಕಟಕ. “ಮಡಿ ಪಂಚೆ ಎಲ್ಲಿ ಅದ?” “ಗಂಧದ ಕೊರಡು ಎಲ್ಲಿಟ್ಟಿ?” ಗಂಡ ಶ್ರೀನಿವಾಸಾಚಾರ್ರು ಗುಡಿಯ ಅರ್ಚಕರು. ಗುಡಿಯಲ್ಲಿ ಕಣ್ಣು ಮುಚ್ಚಿಕೊಂಡು ಹತ್ತು ಜನರ ಅಡುಗೆ ಮಾಡಬಲ್ಲವರು. ಮನೆಯಲ್ಲಿ ಮಾತ್ರ ಅವರಿಗೆ ಸಾಸಿವೆ ಡಬ್ಬಿಯೂ ಗೊತ್ತಿಲ್ಲ, ಮೆಣಸಿನ ಡಬ್ಬಿಯೂ ಗೊತ್ತಿಲ್ಲ.

ಹೀಗೆ ನಲವತ್ತಕ್ಕೂ ಮಿಕ್ಕಿ ಧನುರ್ಮಾಸಗಳು ಕಳೆದವು. ಹೋದ ವರ್ಷ ಚಳಿಗಾಲದಲ್ಲಿ ಸುಮಿತ್ರಾಬಾಯಿಗೆ ಕೆಮ್ಮು ಹತ್ತಿತು, ಬಿಡಲೇ ಇಲ್ಲ. ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಇನ್ನು ಹೊಗೆಯ ಹತ್ತಿರ ಸುಳಿಯಬಾರದು ಎಂದು ಹೇಳಿಬಿಟ್ಟರು. ಸೊಸೆ ವೃಂದಾ ಸೇಡಂನ ಶಾಲೆಯಲ್ಲಿ ಟೀಚರು, ದಿನಾ ರೈಲಿಗೆ ಓಡುವವಳು. ಅತ್ತೆಯ ಆಸೆ ಮನೆಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ. ಅವಳು ಯಾರನ್ನೂ ಬಹಳ ಕೇಳಲಿಲ್ಲ. ಬೇಸಿಗೆ ರಜೆಯಲ್ಲಿ ಶಹಾಬಾದಿನ ಶಹಾಬುದ್ದೀನನನ್ನು ಕರೆಸಿ ಮಾಳಿಗೆಯ ಮೇಲೆ ಸೋಲಾರ್ ಕೂಡಿಸಿಯೇಬಿಟ್ಟಳು. ಒಂದು ಕಡೆ ದೀಪ, ಫ್ಯಾನಿಗೆ ಕರೆಂಟು ಕೊಡುವ ಕಪ್ಪು ಹಲಗೆಗಳು. ಪಕ್ಕದಲ್ಲೇ ನೀರು ಕಾಯಿಸುವ ಗಾಜಿನ ಕೊಳವೆಗಳು, ಅವುಗಳ ತಲೆಯ ಮೇಲೆ ಒಂದು ನೀರಿನ ಟಾಕಿ.

ಓಣಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತೇ ಇದೆ, ಮಧ್ಯಾಹ್ನ ನಳ ತಿರುಗಿಸಿದರೆ ಕೈ ಸುಡುತ್ತದೆ. ಎದುರುಮನೆಯ ಆಶಾಬಿ ಕಟ್ಟೆಯ ಮೇಲೆ ಕೂತು, “ಬಾಯಾರ, ನೀರು ಕಾಸೋ ಮಶೀನ ತಂದೀರಿ, ಛಲೋ ಆತು. ನೀರು ಆರಿಸೋ ಮಶೀನ ಯಾವಾಗ ತರ್ತೀರಿ?” ಎಂದು ಕೇಳಿದಳು. ಸುಮಿತ್ರಾಬಾಯಿಯೂ ನಕ್ಕರು. ಆದರೆ ಒಂದು ವಾರದ ಮೇಲೆ ಓಣಿಯ ಕರೆಂಟು ಹೋದಾಗ, ಅದೇ ಆಶಾಬಿ ಬೀಸಣಿಗೆ ಬಿಟ್ಟು ಬಂದು ಇವರ ಫ್ಯಾನಿನ ಕೆಳಗೆ ಕೂತು ಚಹಾ ಕುಡಿದು ಹೋದಳು.

ಓಣಿ ಒಪ್ಪಿತು, ಆಚಾರ್ರು ಒಪ್ಪಲಿಲ್ಲ. ಅವರ ತಕರಾರು ಬೇರೆಯೇ ಇತ್ತು.

“ಇದು ನಿನ್ನೆ ಕಾದ ನೀರು. ರಾತ್ರಿ ಎಲ್ಲಾ ಟಾಕ್ಯಾಗ ಕೂತದ. ಅಂದ್ರ ತಂಗಳ ನೀರು. ತಂಗಳ ನೀರಾಗ ಜಳಕಾ ಮಾಡಿದ್ರ ಮಡಿ ಹ್ಯಾಂಗ ಆಗ್ತದ?”

“ಮಾಮಾ, ಕಾಸಿದಾವ ಸಾಕ್ಷಾತ್ ಸೂರ್ಯನಾರಾಯಣ. ಆತನ ಕೈಯಾಗಿನ ನೀರು ತಂಗಳ ಆಗ್ತದೇನ್ರಿ?” ಎಂದಳು ವೃಂದಾ.

ಆಚಾರ್ರು ಬಿಸಿನೀರಿನ ನಳಕ್ಕೆ ಒಂದು ಬಟ್ಟೆ ಕಟ್ಟಿಟ್ಟರು. ದೀಪಾವಳಿಯ ತನಕ ಆ ಬಟ್ಟೆ ಬಿಚ್ಚಲಿಲ್ಲ. ನರಕ ಚತುರ್ದಶಿಯ ಬೆಳಗಿನ ಜಾವ ತಲೆಯಿಂದ ಕಾಲಿನ ತನಕ ಎಣ್ಣೆ ಹಚ್ಚಿಕೊಂಡು ಕೂತರೆ, ಮಗ ಶ್ರೀರಾಮ ಹಚ್ಚಲು ಹೋದ ಬಂಬ ಹತ್ತಲೇ ಇಲ್ಲ. ಹಿಂದಿನ ದಿನದ ಅಡ್ಡಮಳೆಗೆ ಕಟ್ಟಿಗೆ ತೊಯ್ದುಹೋಗಿತ್ತು. ಆಚಾರ್ರು ಎಣ್ಣೆ ಸುರಿಸುತ್ತ ಬಹಳ ಹೊತ್ತು ಧರ್ಮಶಾಸ್ತ್ರ ವಿಚಾರ ಮಾಡಿದರು. ಚಳಿ ಜಾಸ್ತಿಯಾದಂತೆ ವಿಚಾರ ಚುರುಕಾಯಿತು. ಮೊದಲು ಬೇಕಾದಷ್ಟು ಬಿಸಿನೀರು, ಕಡೆಗೆ ಬಾವಿಯಿಂದ ಆಗಲೇ ಸೇದಿದ ನೀರು ಎರಡು ತಂಬಿಗೆ, ಅಲ್ಲಿಗೆ ಮಡಿ ಆಯಿತು ಎಂದು ತೀರ್ಪು ಕೊಟ್ಟುಕೊಂಡು ಬಚ್ಚಲಿಗೆ ಹೋದರು. ಹೊರಗೆ ಬಂದಾಗ ಮುಖ ಬೆಂದ ಗಜ್ಜರಿಯ ಹಾಗೆ ಕೆಂಪಗಿತ್ತು. ಮರುದಿನದಿಂದ ಗುಡಿಗೆ ಬಂದವರಿಗೆಲ್ಲ ತೀರ್ಥದ ಜೊತೆಗೆ ಸೋಲಾರಿನ ಮಹಿಮೆಯೂ ಸಿಗತೊಡಗಿತು. ಬಂಬ ಅಟ್ಟ ಏರಿತು.

ಸುಮಿತ್ರಾಬಾಯಿ ಮಾತ್ರ ಆ ಬಿಸಿನೀರನ್ನು ಮುಟ್ಟಲಿಲ್ಲ. ವೃಂದಾ ಕೇಳಿದರೆ, “ಈಗ್ಯಾಕ? ಧನುರ್ಮಾಸ ಬರ್ಲಿ” ಅನ್ನುವರು. ಹೊಸ ಸೀರೆಯನ್ನು ಹಬ್ಬಕ್ಕೆಂದು ಎತ್ತಿಡುತ್ತಾರಲ್ಲ, ಹಾಗೆ ಆ ಜಳಕವನ್ನು ಎತ್ತಿಟ್ಟಿದ್ದರು. ದಿನಾ ಸಂಜೆ ನಳದ ಕೆಳಗೆ ಒಂದು ಬೆರಳು ಹಿಡಿದು, “ಅಯ್ಯ, ಸುಡ್ತದ!” ಎಂದು ಸಣ್ಣ ಹುಡುಗಿಯ ಹಾಗೆ ಕೈ ಹಿಂದಕ್ಕೆ ತೆಗೆದುಕೊಳ್ಳುವರು. ಅಷ್ಟಕ್ಕೇ ಅವರಿಗೆ ಖುಷಿಯೋ ಖುಷಿ.

ಕಾರ್ತೀಕ ಮುಗಿಯುವ ಹೊತ್ತಿಗೆ ಬೆರಳು ಸುಡುವುದು ಕಡಿಮೆಯಾಯಿತು. ಮಾರ್ಗಶಿರ ಹುಟ್ಟಿದ ಮೇಲೆ ನೀರು ಉಗುರುಬೆಚ್ಚಗಷ್ಟೇ ಬರತೊಡಗಿತು. ಕರೆಂಟು ಹೋದರೆ ದೀಪವೂ ಸ್ವಲ್ಪ ಹೊತ್ತಿಗೇ ಕಣ್ಣು ಮುಚ್ಚುವುದು. ಎಲ್ಲರಿಗಿಂತ ಹೆಚ್ಚು ಮುಖ ಬಾಡಿದ್ದು ಆಚಾರ್ರದೇ. ಊರಿಗೆಲ್ಲ ಹೊಗಳಿ ಬಂದಿದ್ದರಲ್ಲ.

“ಧನು ಸಂಕ್ರಮಣದ ಹೊತ್ತಿಗೆ ಸುಧಾರಿಸ್ಲಿಲ್ಲ ಅಂದ್ರ ಬಂಬಾ ಕೆಳಗ ಇಳಸ್ಲಿಕ್ಕೇ ಬೇಕು. ಧನುರ್ಮಾಸದಾಗ ಬಿಸಿನೀರಿಲ್ಲದ ಹ್ಯಾಂಗ?” ಎಂದರು ಒಂದು ರಾತ್ರಿ ಊಟಕ್ಕೆ ಕೂತು.

ಬಂಬ ಇಳಿದರೆ ಹಚ್ಚುವವರು ಯಾರು ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮಗ, ಸೊಸೆ ಇಬ್ಬರೂ ರೈಲು ಹಿಡಿಯಬೇಕಾದವರು. ಸುಮಿತ್ರಾಬಾಯಿ ಅನ್ನ ಬಡಿಸುತ್ತ ಒಂದು ಸಲ ಕೆಮ್ಮಿದರು. ಆ ರಾತ್ರಿ ಅವರಿಗೆ ನಿಜವಾಗಿಯೂ ದುಃಖವಾಯಿತು. ಹೊಗೆಯ ದುಃಖಕ್ಕಿಂತ, ಎತ್ತಿಟ್ಟ ಜಳಕ ಕೈಬಿಟ್ಟು ಹೋಗುತ್ತಿದೆಯಲ್ಲ ಎಂಬ ದುಃಖ.

ವೃಂದಾ ಫೋನು ಮಾಡಿದ್ದಕ್ಕೆ ಶಹಾಬುದ್ದೀನ ಶಹಾಬಾದಿನಿಂದ ಬಂದ. ಆಚಾರ್ರು ಗುಡಿಯಲ್ಲಿದ್ದರು. ಅವನು ಮಾಳಿಗೆ ಹತ್ತಿದ. ಹಿಂದಿನಿಂದ ಸುಮಿತ್ರಾಬಾಯಿ ಗೋಡೆ ಹಿಡಿದುಕೊಂಡು, ಮೆಟ್ಟಿಲಿಗೊಂದು ಉಸಿರು ಬಿಡುತ್ತ ಹತ್ತಿದರು. ಹೋಗಿ ನೋಡಿದರೆ, ಕಪ್ಪಗೆ ಮಿಂಚಬೇಕಾದ ಗಾಜು ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಾಗಿದೆ. ಒಂದೊಂದು ಕೊಳವೆಗೂ ಗಂಧದ ಬೊಟ್ಟು. ಸಂದಿಗಳಲ್ಲಿ ಒಣಗಿದ ಚೆಂಡುಹೂವು, ಅಕ್ಷತೆಯ ಕಾಳು.

ಸುಮಿತ್ರಾಬಾಯಿಗೆ ಎಲ್ಲಾ ತಿಳಿಯಿತು. ಪಕ್ಕದ ಮನೆಯವರು ಮೇಲಂತಸ್ತು ಕಟ್ಟಿದ ಮೇಲೆ ಅಂಗಳದಿಂದ ಉದಯ ಕಾಣುವುದಿಲ್ಲವೆಂದು ಆಚಾರ್ರು ಅರ್ಘ್ಯ ಕೊಡಲು ಮಾಳಿಗೆಗೆ ಹೋಗುತ್ತಿದ್ದರು. ಅರ್ಘ್ಯದ ನೀರನ್ನು ಯಾರೂ ತುಳಿಯಬಾರದು. ಮಾಳಿಗೆಯ ಫರ್ಸಿಕಲ್ಲಿನ ನೆಲದ ಮೇಲೆ ಸಂಡಿಗೆ ಒಣಗಿಸುವವರು, ಬಟ್ಟೆ ಹಾಕುವವರು ಓಡಾಡುತ್ತಾರೆ. ಯಾರ ಕಾಲೂ ಬೀಳದ ಜಾಗ ಎಂದರೆ ಆ ಗಾಜೊಂದೇ. ಮೇಲಾಗಿ ಸೂರ್ಯನಾರಾಯಣ ಸ್ವತಃ ಬಂದು ಕೂಡುವ ಪೀಠ! ದೀಪಾವಳಿಯಿಂದ ಈಚೆಗೆ ದಿನಾ ತಂಬಿಗೆ ತುಂಬ ಅರ್ಘ್ಯ ಅದರ ಮೇಲೇ ಬಿದ್ದಿತ್ತು. ನಮ್ಮ ನೀರಿನಲ್ಲಿ ಸುಣ್ಣ, ರಾವೂರ ಕಲ್ಲುಗಣಿಗಳ ಕಡೆಯಿಂದ ಬೀಸುವ ಗಾಳಿಯಲ್ಲಿ ಕಲ್ಲಿನ ಧೂಳು. ಎರಡೂ ಸೇರಿ ಗೋಡೆಯ ಗಿಲಾವಿನ ಹಾಗೆ ಪದರು ಕಟ್ಟಿತ್ತು.

ಶಹಾಬುದ್ದೀನನಿಗೂ ತಿಳಿಯಿತು. ಅವನು ಅಕ್ಷತೆಯ ಒಂದು ಕಾಳನ್ನು ಬೆರಳಿನಿಂದ ಎತ್ತಿ, ಹುಷಾರಾಗಿ ಬದಿಗಿಟ್ಟ.

“ಬಾಯಾರ, ಮಶೀನಿಗೇನೂ ಆಗಿಲ್ರಿ. ಆದ್ರ ಆಚಾರ್ರಿಗೆ ನಾ ಏನಂತ ಹೇಳ್ಲಿ?”

“ನೀವೇನೂ ಹೇಳಬ್ಯಾಡ್ರಿ. ನಾ ನೋಡ್ಕೋತೀನಿ. ಕೆಳಗ ಬರ್ರಿ, ಚಹಾ ಕುಡ್ದು ಹೋಗ್ರಿ.”

ಯಾಕೆ ಹೇಳಬಾರದು? ಅರ್ಘ್ಯ ಕೊಟ್ಟು ಇಳಿದು ಬರುವಾಗ ಗಂಡನ ಮುಖದಲ್ಲಿರುವ ಸಂತೋಷವನ್ನು ಅವರು ದಿನಾ ನೋಡಿದ್ದರು. ನೀವು ದೇವರಿಗೆ ಎರೆದ ನೀರಿನಿಂದಲೇ ಕೆಟ್ಟಿತು ಎಂದರೆ ಆ ಮನುಷ್ಯ ನಾಲ್ಕು ದಿನ ಊಟ ಬಿಡುತ್ತಾನೆ. ಗಂಡನ ಮೇಲೆ ಅವರಿಗೆ ಸಿಟ್ಟು ಬರಲಿಲ್ಲ ಎಂದಲ್ಲ, ಬಂತು. ಅದರ ಹಿಂದೆಯೇ ನಗುವೂ ಬಂತು, ನಗು ನಿಲ್ಲಲಿಲ್ಲ. ಒಬ್ಬರೇ ಮಾಳಿಗೆಯ ಮೇಲೆ ಕೂತು ಕೆಮ್ಮು ಬರುವ ತನಕ ನಕ್ಕರು.

ಭಾನುವಾರ ಆಚಾರ್ರು ಕೊಡ್ಲಿ ಎಂಬ ಹಳ್ಳಿಗೆ ಒಂದು ಸತ್ಯನಾರಾಯಣ ಪೂಜೆಗೆ ಹೋದರು. ಅತ್ತೆ ಸೊಸೆ ಇಬ್ಬರೂ ಸೆರಗು ಕಟ್ಟಿ ಮಾಳಿಗೆ ಹತ್ತಿದರು. ಬಂಬದ ತಳದ ಸುಣ್ಣ ತೆಗೆಯುವ ಹಾಗೆಯೇ ಹುಣಸೆನೀರು ಹಚ್ಚಿ ನೆನೆಯಲು ಬಿಟ್ಟು, ಹಳೆಯ ಮೆತ್ತನೆಯ ಧೋತರದಿಂದ ಒರೆಸಿದರು. ಗಾಜು ಮತ್ತೆ ಕಪ್ಪಗೆ ಮಿಂಚಿತು. ಆಮೇಲೆ ಒಂದು ದೊಡ್ಡ ಕುಂಡದಲ್ಲಿ ತುಳಸಿ ನೆಟ್ಟು, ಆಚಾರ್ರು ನಿಲ್ಲುವ ಜಾಗದ ಮುಂದೆಯೇ, ಗಾಜಿನಿಂದ ದೂರ, ಪೂರ್ವದ ಅಂಚಿಗೆ ತಂದಿಟ್ಟರು. ಸುತ್ತ ರಂಗೋಲಿ ಹಾಕಿದರು. ಅಷ್ಟು ಚೆಂದದ ತುಳಸಿಯನ್ನು ಬಿಟ್ಟು ಬೇರೆ ಕಡೆ ಅರ್ಘ್ಯ ಬಿಡಲು ಯಾವ ವೈಷ್ಣವನಿಗೂ ಮನಸ್ಸು ಬರುವುದಿಲ್ಲ.

ಮರುದಿನ ಬೆಳಿಗ್ಗೆ ಸುಮಿತ್ರಾಬಾಯಿ ಅಡುಗೆಮನೆಯಲ್ಲಿ ಕಿವಿ ಮೇಲಕ್ಕೆ ಕೊಟ್ಟು ನಿಂತರು. ದಿನಾ ಕೆಳಗಿನ ತನಕ ಕೇಳುತ್ತಿದ್ದ ನೀರಿನ ಸಪ್ಪಳ ಗಾಜಿನ ಮೇಲೆ ಬೀಳುವ ಅರ್ಘ್ಯದ್ದೆಂದು ಈಗ ಅವರಿಗೆ ಗೊತ್ತಿತ್ತು. ಆಚಾರ್ರ ಮಂತ್ರ ಕೇಳಿಸಿತು. ಮಂತ್ರ ಮುಗಿಯಿತು. ನೀರಿನ ಸಪ್ಪಳ ಬರಲಿಲ್ಲ. ಮಣ್ಣು ಕುಡಿದಿತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗ ಆಚಾರ್ರು ಕೇಳಿದರು, “ಗಾಜು ಭಾಳ ಸ್ವಚ್ಛ ಆಗ್ಯಾವಲ್ಲ?”

“ಮಳಿ ಬಂದಿತ್ತೇನೋ.”

“ಮಾರ್ಗಶಿರದಾಗ ಮಳಿ?”

“ಬರ್ತದ ಒಮ್ಮೊಮ್ಮೆ. ಸಾರು ಹಾಕ್ಲೇನ್ರಿ?”

ಆಚಾರ್ರು ಸಾರು ಹಾಕಿಸಿಕೊಂಡು ಉಂಡರು. ಸಂಜೆ ನಳದ ಕೆಳಗೆ ಹಿಡಿದ ಬೆರಳು ಮತ್ತೆ ಸುಟ್ಟಿತು.

ಧನುರ್ಮಾಸದ ಮೊದಲನೆಯ ದಿನ ಸುಮಿತ್ರಾಬಾಯಿಗೆ ಎಂದಿನ ಹೊತ್ತಿಗೇ ಎಚ್ಚರವಾಯಿತು. ಪಕ್ಕದ ಹಾಸಿಗೆ ಬರಿದಾಗಿತ್ತು. ಅಡುಗೆಮನೆಯಲ್ಲಿ ದೀಪ ಉರಿಯುತ್ತಿದೆ, ಹೆಸರುಬೇಳೆ ಹುರಿದ ವಾಸನೆ ಓಣಿಯ ತನಕ ಹರಡಿದೆ. ಗಾಬರಿಯಾಗಿ ಬಾಗಿಲಿಗೆ ಬಂದು ನೋಡಿದರೆ, ಆಚಾರ್ರು ಒದ್ದೆ ಕೂದಲಿನಲ್ಲಿ, ಮಡಿ ಉಟ್ಟು, ಒಲೆಯ ಮುಂದೆ ಸಟ್ಟುಗ ಹಿಡಿದುಕೊಂಡು ಗಡಗಡ ನಡುಗುತ್ತಿದ್ದಾರೆ.

“ಇದೇನ್ರಿ, ಇಷ್ಟ್ಯಾಕ ನಡಗ್ಲಿಕತ್ತೀರಿ? ಬಿಸಿನೀರು ಬರ್ಲಿಲ್ಲೇನು?”

“ಬರ್ತಾವ. ಸುಡು ಸುಡು ಬರ್ತಾವ. ನಾ ಬಾವೀ ನೀರಾಗ ಜಳಕಾ ಮಾಡಿದೆ.”

“ಅಯ್ಯ, ಯಾಕ?”

ಆಚಾರ್ರು ಬೇಳೆಯನ್ನು ಎರಡು ಸಲ ಕೈಯಾಡಿಸಿದರು. “ನಲವತ್ತು ವರ್ಷ ನೀ ಹ್ಯಾಂಗ ಮಾಡಿದಿ ಅಂತ ನೋಡೋಣಂದೆ. ಭಾಳ ಥಂಡಿ ಅದವ. ಭಾಳ ಅಂದ್ರ ಭಾಳ.” ಆಮೇಲೆ ಒಲೆಯನ್ನೇ ನೋಡುತ್ತ, “ತುಳಸಿ ಛಲೋ ಜಾಗಾದಾಗ ಇಟ್ಟೀದಿ. ನನಗ ಹೇಳಿದ್ರ ನಾನೂ ಗಾಜು ಒರಸ್ತಿದ್ದೆ. ಹೋಗು. ಹುಗ್ಗಿ ನಾ ನೋಡ್ತೀನಿ, ಅವಸರ ಇಲ್ಲ” ಎಂದರು.

ಸುಮಿತ್ರಾಬಾಯಿ ಬಚ್ಚಲಿಗೆ ಹೋದರೆ ಬಕೆಟ್ಟು ತುಂಬಿ ಹಬೆಯಾಡುತ್ತಿತ್ತು. ಪಕ್ಕದಲ್ಲಿ ಬಾವಿಯಿಂದ ಸೇದಿದ ನೀರು ಒಂದು ಬಿಂದಿಗೆ, ಗೂಟದ ಮೇಲೆ ಅವರ ಮಡಿಸೀರೆ. ಮೊದಲ ತಂಬಿಗೆ ಬೆನ್ನ ಮೇಲೆ ಬಿದ್ದಾಗ ಅವರು “ಹಾ” ಎಂದು ಕೂಗಿಯೇಬಿಟ್ಟರು. ಎರಡನೆಯದಕ್ಕೆ ಕಣ್ಣು ಮುಚ್ಚಿದರು. ಮೊಣಕಾಲು, ಸೊಂಟ, ಭುಜ ಎಲ್ಲಾ ಒಂದೊಂದಾಗಿ ಸಡಿಲವಾದವು. ತೋಳು ನೋಡಿಕೊಂಡರೆ ಕೆಂಪಗಾಗಿದೆ! ಅಳುವೂ ಬಂತು, ನಗುವೂ ಬಂತು. ಬಿಸಿನೀರಿನಲ್ಲಿ ಯಾವುದು ಯಾವುದೆಂದು ಯಾರಿಗೆ ಗೊತ್ತಾಗುತ್ತದೆ? ಹುಗ್ಗಿ ಮಾಡುತ್ತ ಅರ್ಧ ಹೇಳಿ ಬಿಡುತ್ತಿದ್ದ ಉದಯರಾಗದ ಹಾಡನ್ನು ಮೊದಲಿಂದ ಕಡೆಯ ನುಡಿಯ ತನಕ ದನಿ ಎತ್ತಿ ಹಾಡಿದರು.

ಹಾಡಿನ ನಡುವೆ ಹೊರಗೆ ಹೆಜ್ಜೆ ಕೇಳಿಸಿತು. ಹೆಜ್ಜೆ ಬಚ್ಚಲ ಬಾಗಿಲ ತನಕ ಬಂತು, ನಿಂತಿತು. ಸುಮಿತ್ರಾಬಾಯಿ ತಂಬಿಗೆ ಹಿಡಿದುಕೊಂಡೇ ಟಕಟಕ ಸಪ್ಪಳಕ್ಕೆ ಕಾದರು. ಸಪ್ಪಳ ಬರಲಿಲ್ಲ. ಸ್ವಲ್ಪ ಹೊತ್ತು ನಿಂತ ಹೆಜ್ಜೆ, ಬಂದ ಹಾಗೆಯೇ ಮೆಲ್ಲಗೆ ವಾಪಸು ಹೋಯಿತು. ಅವರು ಮತ್ತೊಂದು ಬಕೆಟ್ಟಿಗೆ ನಳ ತಿರುಗಿಸಿದರು.

ಆ ದಿನ ಸೂರ್ಯ ಹುಟ್ಟುವ ಮೊದಲೇ ದೇವರಿಗೆ ನೈವೇದ್ಯ ಆಯಿತು. ಹುಗ್ಗಿಯಲ್ಲಿ ತುಪ್ಪ ಇತ್ತು, ಕೊಬ್ಬರಿ ಇತ್ತು, ಮೆಣಸು ಮಾತ್ರ ಒಂದು ಕಾಳೂ ಇರಲಿಲ್ಲ. ಡಬ್ಬಿ ಎಲ್ಲಿದೆ ಎಂದು ಆಚಾರ್ರಿಗೆ ಗೊತ್ತಿರಲಿಲ್ಲ, ಅವರು ಯಾರನ್ನೂ ಕೇಳಿರಲೂ ಇಲ್ಲ. ಸುಮಿತ್ರಾಬಾಯಿ ಎರಡು ಸಲ ಹಾಕಿಸಿಕೊಂಡು ಉಂಡರು.