ಖಾಲಿ ಪಾತ್ರೆ ಕುಡಿದ ಅನಿಲ

ಅಡರಕಟ್ಟಿಯ ನೇತ್ರಾಳನ್ನು ಹಟಮಾರಿ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಾನು ಗದಗಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಅವಳು ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ತಮ್ಮ ಹೊಲದ ಶೇಂಗಾ ಸಿಪ್ಪೆ ಸುಟ್ಟು ಇದ್ದಿಲು ಮಾಡಿ, ಅದು ಎಷ್ಟು ಹೈಡ್ರೋಜನ್ ಹಿಡಿದಿಟ್ಟುಕೊಳ್ಳುತ್ತದೆ ಎಂದು ಅಳೆಯುವುದು ಅವಳ ಕೆಲಸ. ಉಕ್ಕಿನ ಪಾತ್ರೆಯಲ್ಲಿ ಇದ್ದಿಲಿಟ್ಟು ಅನಿಲ ತುಂಬಬೇಕು. ಒಳಗಿನ ಒತ್ತಡ ಎಷ್ಟು ಇಳಿಯಿತೋ ಅಷ್ಟನ್ನು ಇದ್ದಿಲು ಕುಡಿಯಿತು ಎಂದು ಲೆಕ್ಕ. ವರ್ಷಗಟ್ಟಲೆ ದುಡಿದರೂ ಅವಳಿಗೆ ಸಿಕ್ಕದ್ದು ಸಣ್ಣ ಅಂಕಿ. ಆದರೆ ನಿಜವಾದ ಅಂಕಿ.

ಮಹಾನವಮಿಗೆ ಖಂಡೆಪೂಜೆ ಬಂತು. ಯಂತ್ರಗಳನ್ನೆಲ್ಲ ಒರೆಸಿ ಪೂಜೆ ಮಾಡುವುದು ನಮ್ಮಲ್ಲಿ ರೂಢಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಅವಳ ಗೈಡ್ ಗವಿಸಿದ್ದೇಶ ಸರ್, ಬಾಯಿ ಮುಚ್ಚಿದ ಪಾತ್ರೆಗೆ ಪೂಜೆ ಸಲ್ಲದೆಂದು ಮುಚ್ಚಳ ಬಿಚ್ಚಿ ಅಂಚಿಗೆಲ್ಲ ವಿಭೂತಿ ಬಳಿದರು. ಮುಂದಿನ ವಾರ ಅಳೆದರೆ ಅಂಕಿ ಐದು ಪಟ್ಟು ಏರಿತ್ತು. ಸರ್ ಪೇಢೆ ಹಂಚಿದರು.

ನೇತ್ರಾ ಪೇಢೆ ಮುಟ್ಟಲಿಲ್ಲ. ಇದ್ದಿಲು ತೆಗೆದು ಖಾಲಿ ಪಾತ್ರೆಗೇ ಅನಿಲ ತುಂಬಿದಳು. ಖಾಲಿ ಪಾತ್ರೆಯೂ ಹೆಚ್ಚುಕಡಿಮೆ ಅಷ್ಟೇ ಕುಡಿಯಿತು. ಮುಚ್ಚಳದ ರಬ್ಬರ್ ಉಂಗುರದ ಕೆಳಗೆ ವಿಭೂತಿ ಕೂತು ಅನಿಲ ಸೋರುತ್ತಿತ್ತು. ಒರೆಸಿ, ಇದ್ದಿಲು ಹಾಕಿ ಮತ್ತೆ ಅಳೆದರೆ ಹಳೆಯ ಸಣ್ಣ ಅಂಕಿಯೇ ಬಂತು.

“ಸರ್, ಇದ್ದಲಿ ಕುಡದದ್ದಲ್ರಿ. ಪಾತ್ರಿ ಸೋರಿದ್ದು,” ಎಂದಳು.

“ಖಾಲಿ ಪಾತ್ರಿ ಲೆಕ್ಕ ಯಾರ ಕೇಳ್ತಾರವಾ? ಈ ಅಂಕಿ ಹಾಕಿ ಲೇಖನ ಬರದೇನಿ, ಅದಕ್ಕ ಸಹಿ ಮಾಡು. ಇಲ್ಲಾಂದ್ರ ನಿನ್ನ ಪಿಎಚ್‌ಡಿ ಮುಂದ ಹೋಗೂದಿಲ್ಲ.”

“ಹಂಗಾದ್ರ ನನ್ನ ಹೆಸರ ತಗೀರಿ.”

ತೆಗೆದರು. ಅವಳ ಪಿಎಚ್‌ಡಿ ಅಲ್ಲಿಗೇ ನಿಂತಿತು. ಲೇಖನ ಅಚ್ಚಾಯಿತು, ಸರ್‌ಗೆ ಶಾಲು ಹಾರ ಬಿದ್ದವು. ಎಲ್ಲ ಗೊತ್ತಿದ್ದೂ ನಮ್ಮ ಸ್ಟಾಫಿನವರು ಚಪ್ಪಾಳೆ ತಟ್ಟಿದರು, ನಾಚಿಕೆಗೆಟ್ಟವರು. ನೇತ್ರಾ ಈಗ ಲಕ್ಷ್ಮೇಶ್ವರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆ.

ಮೊನ್ನೆ ನಾನು ಅವಳ ಮನೆಯಲ್ಲಿದ್ದಾಗ ಫೋನು ಬಂತು. ಮುಂಡರಗಿಯ ಕಾವೇರಿ ಎಂಬ ಹುಡುಗಿ, ಬೇರೆ ಊರಿನಲ್ಲಿ ಸಂಶೋಧನೆಗೆ ಸೇರಿದವಳು, ನಮ್ಮ ಕಾಲೇಜಿನಲ್ಲಿ ವಿಚಾರಿಸಿ ಇವಳ ನಂಬರು ಹುಡುಕಿದ್ದಳು. ಆ ಲೇಖನದಲ್ಲಿದ್ದಂತೆಯೇ ಮಾಡಿದರೂ ಅಂಕಿ ಏರುತ್ತಿಲ್ಲವಂತೆ. ನಿನ್ನ ಕೈಗುಣವೇ ಸರಿಯಿಲ್ಲ, ಬಿಟ್ಟು ಮನೆಗೆ ಹೋಗು ಎಂದು ಅವಳ ಗೈಡ್ ಬೈದರಂತೆ. ಹುಡುಗಿ ಬಿಕ್ಕುವುದು ನನಗೂ ಕೇಳಿಸುತ್ತಿತ್ತು.

ನೇತ್ರಾ ಸಿಟ್ಟಿನಿಂದ ಎದ್ದು ನಿಂತಳು.

“ಅಳಬ್ಯಾಡ, ತಂಗಿ. ನಿನ್ನ ಪಾತ್ರಿ ಸೋರೂದಿಲ್ಲ. ಅದಕ್ಕ ನಿನಗ ಆ ಅಂಕಿ ಸಿಗವಲ್ದು.”